ಸ್ಟ್ರಾಟಕ್ಸ್ ಪೆಟ್ಟಿಗೆಗೆ ಜಿಪಿಎಸ್ ಏಕೆ ಸಿಗುವುದಿಲ್ಲ?

ಡಿಕ್ಕಿಯ ಹಾದಿಯಲ್ಲಿ ಬರುತ್ತಿರುವ ವಿಮಾನ ಪೈಲಟ್‌ನ ಗಾಜಿನಲ್ಲಿ ಕದಲುವುದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕಿಯಾಗಿ ನಿಂತಿದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಏಕಾಏಕಿ ದೊಡ್ಡದಾಗುತ್ತದೆ. ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಹಿಡಿಯುವುದಿಲ್ಲ. ಎರಡು ಅಥವಾ ನಾಲ್ಕು ಆಸನಗಳ ಸಣ್ಣ ವಿಮಾನ ಹಾರಿಸುವವರಿಗೆ ಈ ಭಯ ಹೊಸದಲ್ಲ. ಎಡಿಎಸ್-ಬಿ ಎಂಬ ವ್ಯವಸ್ಥೆ ಈ ಭಯವನ್ನು ಸಾಕಷ್ಟು ತಗ್ಗಿಸಿದೆ. ಈ ವ್ಯವಸ್ಥೆ ಇರುವ ಪ್ರತಿ ವಿಮಾನವೂ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಯಾವ ಕಡೆಗೆ ಹೋಗುತ್ತಿದ್ದೇನೆ ಎಂದು ರೇಡಿಯೊದಲ್ಲಿ ಸಾರುತ್ತ ಹೋಗುತ್ತದೆ. ಕೇಳಿಸಿಕೊಳ್ಳುವ ಸಾಧನ ಇದ್ದವರಿಗೆ ಸುತ್ತಲಿನ ವಿಮಾನಗಳು ಪರದೆಯ ಮೇಲೆ ಕಾಣುತ್ತವೆ.

ಅಮೆರಿಕದಲ್ಲಿ 2020ರ ಜನವರಿ 1ರಿಂದ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ ಹಾರುವ ವಿಮಾನಗಳು ಹೀಗೆ ಸಾರುವುದು ಕಡ್ಡಾಯವಾಯಿತು. ಕೇಳಿಸಿಕೊಳ್ಳುವುದು ಮಾತ್ರ ಅವರವರ ಇಚ್ಛೆಗೆ ಬಿಟ್ಟದ್ದು. ಅಂಗಡಿಯಲ್ಲಿ ಸಿಗುವ ರಿಸೀವರುಗಳು ದುಬಾರಿ. ಅದಕ್ಕೆ ಉತ್ತರವಾಗಿ 2015ರಲ್ಲಿ ಸ್ಟ್ರಾಟಕ್ಸ್ ಎಂಬ ಮುಕ್ತ ತಂತ್ರಾಂಶ ಹುಟ್ಟಿತು. ಒಂದು ರಾಸ್‌ಬೆರಿ ಪೈ ಕಂಪ್ಯೂಟರ್, ಎರಡು ಅಗ್ಗದ ರೇಡಿಯೊ ಡಾಂಗಲ್, ಒಂದು ಜಿಪಿಎಸ್ ಮಾಡ್ಯೂಲ್, ಒಂದು ಪವರ್ ಬ್ಯಾಂಕ್ ಇದ್ದರೆ ಮನೆಯ ಮೇಜಿನ ಮೇಲೇ ರಿಸೀವರ್ ಕಟ್ಟಬಹುದು. ಡಾಂಗಲ್‌ಗಳು ಮೂಲತಃ ಯುರೋಪಿನ ಡಿಜಿಟಲ್ ಟಿವಿ ನೋಡಲು ತಯಾರಾದವು. ಒಂದನ್ನು 1090 ಮೆಗಾಹರ್ಟ್ಸ್‌ಗೆ, ಇನ್ನೊಂದನ್ನು ಅಮೆರಿಕದ ಸಣ್ಣ ವಿಮಾನಗಳು ಬಳಸುವ 978 ಮೆಗಾಹರ್ಟ್ಸ್‌ಗೆ ಕೂರಿಸುತ್ತಾರೆ. ಪೆಟ್ಟಿಗೆ ತನ್ನದೇ ವೈ-ಫೈ ಎಬ್ಬಿಸಿ, ಪೈಲಟ್‌ನ ಟ್ಯಾಬ್ಲೆಟ್‌ನಲ್ಲಿರುವ ಫೋರ್‌ಫ್ಲೈಟ್‌ನಂಥ ನಕ್ಷೆಗೆ ಎಲ್ಲವನ್ನೂ ಕಳಿಸುತ್ತದೆ.

ಈ ಪೆಟ್ಟಿಗೆಗಳನ್ನು ಕಟ್ಟಿದವರು ಮತ್ತೆ ಮತ್ತೆ ಹೇಳುವ ದೂರು ಒಂದು: ವಿಮಾನಗಳು ಕಾಣುತ್ತವೆ, ಹವಾಮಾನದ ಮಾಹಿತಿ ಬರುತ್ತದೆ, ಜಿಪಿಎಸ್ ಮಾತ್ರ ಹಿಡಿಯುವುದಿಲ್ಲ, ಅಥವಾ ಹಿಡಿದ ಮೇಲೆ ಕೈಬಿಡುತ್ತದೆ. ಇದನ್ನು ಸಣ್ಣ ಕಿರಿಕಿರಿ ಎಂದು ಬದಿಗಿಡುವಂತಿಲ್ಲ. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಅಂಥ ಟ್ಯಾಬ್ಲೆಟ್ ಇಟ್ಟುಕೊಂಡವನಿಗೆ ತಾನೆಲ್ಲಿದ್ದೇನೆ ಎಂದು ಹೇಳುವುದು ಈ ಪೆಟ್ಟಿಗೆ ಮಾತ್ರ. ಎದುರು ವಿಮಾನ ನಕ್ಷೆಯಲ್ಲಿದ್ದರೂ ತನ್ನ ಸ್ಥಾನ ಇಲ್ಲದಿದ್ದರೆ ಅದು ಎಷ್ಟು ದೂರ, ಯಾವ ದಿಕ್ಕಿನಲ್ಲಿ ಎಂಬ ಲೆಕ್ಕ ಹುಟ್ಟುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಜಿಪಿಎಸ್‌ಗೆ ಇನ್ನೊಂದು ಕೆಲಸವೂ ಇದೆ. ಪೈ 5ಕ್ಕಿಂತ ಹಿಂದಿನ ರಾಸ್‌ಬೆರಿ ಪೈಗಳಲ್ಲಿ ವಿದ್ಯುತ್ ಹೋದಾಗಲೂ ನಡೆಯುವ ಗಡಿಯಾರ ಇಲ್ಲ. ಹಾರುವಾಗ ಇಂಟರ್ನೆಟ್ಟೂ ಇಲ್ಲದ್ದರಿಂದ ದಿನಾಂಕ, ಸಮಯ ಎರಡೂ ಜಿಪಿಎಸ್‌ನಿಂದಲೇ ಸಿಗಬೇಕು.

ಜಿಪಿಎಸ್ ಸಿಗದಿರುವುದಕ್ಕೆ ಕಟ್ಟುಗರ ನಡುವೆ ಚಲಾವಣೆಯಲ್ಲಿರುವ ವಿವರಣೆಗಳು ಹತ್ತಾರು. ಮಾಡ್ಯೂಲ್ ನಕಲಿ ಎನ್ನುವವರಿದ್ದಾರೆ, ತಂತ್ರಾಂಶದ ಹೊಸ ಆವೃತ್ತಿಯನ್ನು ದೂರುವವರಿದ್ದಾರೆ, ವಿಮಾನದ ಲೋಹದ ಮೈಯನ್ನು ಬೊಟ್ಟು ಮಾಡುವವರಿದ್ದಾರೆ, ಸೇನೆಯ ಜ್ಯಾಮಿಂಗ್ ಎನ್ನುವವರೂ ಇದ್ದಾರೆ. ಎಲ್ಲವೂ ಒಂದೊಂದು ಸಂದರ್ಭದಲ್ಲಿ ನಿಜ. ಆದರೆ ಎಲ್ಲದಕ್ಕೂ ಒಂದೇ ತೂಕ ಕೊಡಲು ನಾನು ಸಿದ್ಧನಿಲ್ಲ. ಇವುಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು, ಅತಿ ಕಡಿಮೆ ಅನುಮಾನಕ್ಕೆ ಒಳಗಾಗುವುದು ಪೆಟ್ಟಿಗೆಯ ಒಳಗಿನ ರೇಡಿಯೊ ಗದ್ದಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಜಿಪಿಎಸ್ ಸಂಕೇತದ ಬಲದಲ್ಲೇ ಇದೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. 1575.42 ಮೆಗಾಹರ್ಟ್ಸ್‌ನಲ್ಲಿ ಅವು ಕಳಿಸುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಸುಮಾರು ಮೈನಸ್ 128 ಡಿಬಿಎಂ ಆಗಿರುತ್ತದೆ. ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಹತ್ತು ಸಾವಿರ ಪಾಲು ಮಾಡಿದರೆ ಸಿಗುವಷ್ಟು ಶಕ್ತಿ ಅದು. ಯಾವುದೇ ರಿಸೀವರಿನಲ್ಲಿ ಬರೀ ಶಾಖದಿಂದ ಹುಟ್ಟುವ ಸಹಜ ಗದ್ದಲವೇ ಇದಕ್ಕಿಂತ ಸುಮಾರು ಐವತ್ತು ಪಟ್ಟು ದೊಡ್ಡದು. ಚಿಪ್ಪು ಈ ಗದ್ದಲದ ಅಡಿಯಿಂದ ಸಂಕೇತವನ್ನು ಎತ್ತುವುದು ಒಂದು ಉಪಾಯದಿಂದ. ಪ್ರತಿ ಉಪಗ್ರಹ 1023 ಅಂಶಗಳ ಒಂದು ಗೊತ್ತಾದ ಸರಣಿಯನ್ನು ಮಿಲಿಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತದೆ. ಚಿಪ್ಪು ಅದೇ ಸರಣಿಯ ಪ್ರತಿಯನ್ನು ತನ್ನಲ್ಲಿಟ್ಟುಕೊಂಡು, ಬಂದದ್ದರೊಂದಿಗೆ ಹೊಂದಿಸಿ ಹೊಂದಿಸಿ ನೋಡುತ್ತದೆ. ಸಂತೆಯ ಗಲಾಟೆಯ ನಡುವೆ ಪರಿಚಿತ ದನಿಯೊಂದು ನಮ್ಮ ಹೆಸರು ಕೂಗಿದರೆ ಕಿವಿಗೆ ತಟ್ಟುವ ಹಾಗೆ. ಸಹಜ ಗದ್ದಲದ ಮೇಲೆ ನಾವೇ ಇನ್ನಷ್ಟು ಗದ್ದಲ ಸೇರಿಸಿದರೆ ಈ ಉಪಾಯಕ್ಕೂ ಮಿತಿ ಬರುತ್ತದೆ.

ಗದ್ದಲದವರೆಗೆ ಹೋಗುವ ಮೊದಲು ಸರಳವಾದದ್ದನ್ನು ತಳ್ಳಿಹಾಕಬೇಕು. "ಜಿಪಿಎಸ್ ಬರುತ್ತಿಲ್ಲ" ಎಂಬ ಒಂದು ದೂರಿನೊಳಗೆ ನಾಲ್ಕು ಬೇರೆ ಬೇರೆ ರೋಗಗಳಿವೆ: ಕಂಪ್ಯೂಟರಿಗೆ ಮಾಡ್ಯೂಲ್ ಇರುವುದೇ ಗೊತ್ತಿಲ್ಲದಿರುವುದು, ಗೊತ್ತಿದ್ದರೂ ಅದರಿಂದ ಮಾಹಿತಿ ಬಾರದಿರುವುದು, ಮಾಹಿತಿ ಬರುತ್ತಿದ್ದರೂ ಸ್ಥಾನ ಸಿಗದಿರುವುದು, ಸ್ಥಾನ ಸಿಕ್ಕಿ ಹಾರಾಟದಲ್ಲಿ ಕೈತಪ್ಪುವುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲ ರೋಗ ಇರುವವನು ಪೆಟ್ಟಿಗೆಯನ್ನು ಅಂಗಳದ ನಡುವೆ ಗಂಟೆಗಟ್ಟಲೆ ಇಟ್ಟರೂ ಪ್ರಯೋಜನ ಇಲ್ಲ. ಮೂರನೆಯ ರೋಗ ಇರುವವನು ತಂತ್ರಾಂಶವನ್ನು ಹತ್ತು ಸಲ ಮತ್ತೆ ಹಾಕಿದರೂ ಅಷ್ಟೇ.

ಮೊದಲನೆಯದನ್ನು ಪತ್ತೆ ಮಾಡುವುದು ಸುಲಭ. ಯುಎಸ್‌ಬಿ ಸಾಧನಗಳ ಪಟ್ಟಿ ಕೇಳಿದರೆ ಜಿಪಿಎಸ್ ಚಿಪ್ಪಿನ ತಯಾರಕ ಯು-ಬ್ಲಾಕ್ಸ್ ಹೆಸರು ಬರಬೇಕು, ಟಿಟಿವೈಎಸಿಎಂ0 ಎಂಬ ಪೋರ್ಟ್ ಹುಟ್ಟಿರಬೇಕು. ಬಾರದಿದ್ದರೆ ನೋಡಬೇಕಾದ್ದು ವಿದ್ಯುತ್ತನ್ನು. ಒಂದೊಂದು ರೇಡಿಯೊ ಡಾಂಗಲ್ ಸುಮಾರು 300 ಮಿಲಿಆಂಪ್ ಎಳೆಯುತ್ತದೆ. ಪೈ 3ಕ್ಕೆ 2.5 ಆಂಪ್, ಪೈ 4ಕ್ಕೆ 3 ಆಂಪ್ ಕೊಡಬಲ್ಲ ಆಧಾರ ಬೇಕು. ಪವರ್ ಬ್ಯಾಂಕಿನ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿರಲಿ, ನಡುವಿನ ಕೇಬಲ್ ಉದ್ದವಾಗಿ, ತಂತಿ ತೆಳ್ಳಗಿದ್ದರೆ ಪೈ ತಲುಪುವ ಹೊತ್ತಿಗೆ ವೋಲ್ಟೇಜ್ ಕುಸಿದಿರುತ್ತದೆ. 4.63 ವೋಲ್ಟಿಗಿಂತ ಇಳಿದರೆ ಪೈ ತನ್ನ ದಾಖಲೆಯಲ್ಲಿ ಎಚ್ಚರಿಕೆ ಬರೆದಿಡುತ್ತದೆ. ಅದನ್ನು ಓದುವವರು ಕಡಿಮೆ. ಜಿಪಿಎಸ್ ಬಂದು ಹೋಗಿ ಮಾಡುವ ಎಷ್ಟೋ ಪೆಟ್ಟಿಗೆಗಳಿಗೆ ಗಿಡ್ಡನೆಯ, ದಪ್ಪ ತಂತಿಯ ಕೇಬಲ್ಲೇ ಚಿಕಿತ್ಸೆ.

ಎರಡನೆಯ ರೋಗ ಹೆಚ್ಚಾಗಿ ಯುಎಸ್‌ಬಿ ಬಿಟ್ಟು ಪೈಯ ಪಿನ್‌ಗಳಿಗೆ ನೇರ ತಂತಿ ಬೆಸೆದವರದು. ಕಳಿಸುವ ತಂತಿ ಕೇಳುವ ಪಿನ್ನಿಗೆ, ಕೇಳುವ ತಂತಿ ಕಳಿಸುವ ಪಿನ್ನಿಗೆ ಅಡ್ಡವಾಗಿ ಸೇರಬೇಕು. ಪೈ 3, ಪೈ 4ರಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತ್‌ಗೆ ಕೊಟ್ಟು, ಪಿನ್‌ಗಳಿಗೆ ಕಿರಿಯದೊಂದನ್ನು ಬಿಟ್ಟಿದ್ದಾರೆ. ಅದರ ವೇಗ ಪ್ರೊಸೆಸರಿನ ಗಡಿಯಾರಕ್ಕೆ ಅಂಟಿಕೊಂಡಿರುವುದರಿಂದ ಅಕ್ಷರಗಳು ಕೆಡಬಹುದು. ವೇಗದ ಲೆಕ್ಕವನ್ನೂ ಇಲ್ಲೇ ಮಾಡಿಬಿಡಬೇಕು. 9600 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಸ್ಥಾನ, ವೇಗ, ಕಾಣುವ ಉಪಗ್ರಹಗಳ ಪಟ್ಟಿ ಎಲ್ಲ ಸೇರಿ ಒಂದು ಸುತ್ತಿನ ವರದಿಯೇ ಐನೂರು ಅಕ್ಷರ ದಾಟುತ್ತದೆ. ಸೆಕೆಂಡಿಗೆ ಹತ್ತು ಸಲ ವರದಿ ಬೇಕು ಎಂದು ಮಾಡ್ಯೂಲನ್ನು ಹೊಂದಿಸಿ ಬಾಡ್ ದರವನ್ನು ಹಾಗೇ ಬಿಟ್ಟರೆ ಅರ್ಧಂಬರ್ಧ ಸಾಲುಗಳೇ ಬರುತ್ತವೆ. ಯು-ಬ್ಲಾಕ್ಸ್‌ನ ಎಂ8 ಮಾಡ್ಯೂಲ್ ಕಾರ್ಖಾನೆಯಿಂದ 9600ಕ್ಕೆ ಹೊಂದಿಕೊಂಡು ಬಂದರೆ, ನಿಯೊ-ಎಂ9ಎನ್ ಬರುವುದು 38400ಕ್ಕೆ. ಹಳೆಯದನ್ನು ಕಿತ್ತು ಹೊಸದು ಹಾಕಿದಾಗ ಮೌನ ಕವಿದರೆ ಇದನ್ನೂ ನೋಡಬೇಕು. ನಕಲಿ ಚಿಪ್ಪುಗಳು ಮಾರುಕಟ್ಟೆಯಲ್ಲಿ ಇರುವುದು ನಿಜ. ಕೊಟ್ಟ ಆಜ್ಞೆಗಳನ್ನು ಸ್ವೀಕರಿಸದಿರುವುದು ಅವುಗಳ ಮುಖ್ಯ ಲಕ್ಷಣ.

ಇನ್ನು ಮೂರನೆಯದು, ಈ ಲೇಖನದ ಮುಖ್ಯ ವಿಷಯ. ಮಾಹಿತಿ ಬರುತ್ತಿದೆ, ಸ್ಥಾನ ಇಲ್ಲ. ಮೊದಲು ತಾಳ್ಮೆಯ ಲೆಕ್ಕ. ಪ್ರತಿ ಉಪಗ್ರಹ ತನ್ನ ಕಕ್ಷೆಯ ನಿಖರ ವಿವರವನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ 30 ಸೆಕೆಂಡಿಗೊಮ್ಮೆ ಪೂರ್ತಿ ಹೇಳಿ ಮುಗಿಸುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗ ಬರಲು ಹನ್ನೆರಡೂವರೆ ನಿಮಿಷ ಬೇಕು. ಬ್ಯಾಕಪ್ ಬ್ಯಾಟರಿ ಇಲ್ಲದ ಅಗ್ಗದ ಡಾಂಗಲ್‌ಗೆ ಪ್ರತಿ ಸಲವೂ ಮೊದಲಿಂದ ಶುರು. ತೆರೆದ ಆಕಾಶದಡಿ ಹೊಸ ಚಿಪ್ಪು ಅರ್ಧ ನಿಮಿಷದಲ್ಲೇ ಸ್ಥಾನ ಹೇಳಬಲ್ಲದು. ತಗಡಿನ ಹ್ಯಾಂಗರಿನೊಳಗೆ ಅಥವಾ ಕಾಂಕ್ರೀಟ್ ಮನೆಯ ಮೇಜಿನ ಮೇಲೆ 30 ಸೆಕೆಂಡಿನ ಪಾಠ ಪದೇ ಪದೇ ನಡುವೆ ಕಡಿದು, ಗಂಟೆ ಕಳೆದರೂ ಮುಗಿಯದಿರಬಹುದು. ಒಳಗೆ ನಡೆಸಿದ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರಬಾರದು. ಹೊರಗೆ, ಸುತ್ತ ಕಟ್ಟಡ ಇಲ್ಲದ ಕಡೆ, ಕಾಲು ಗಂಟೆ ಬಿಡಿ.

ಹಾಗೆ ಬಿಟ್ಟೂ ಆಗದಿದ್ದರೆ ಉಪಗ್ರಹಗಳನ್ನು ಎಣಿಸುತ್ತ ಕೂರುವುದರಿಂದ ಪ್ರಯೋಜನ ಇಲ್ಲ. ಸ್ಟ್ರಾಟಕ್ಸ್ ಪುಟದಲ್ಲಿ ಎಷ್ಟು ಉಪಗ್ರಹ ಕಾಣುತ್ತಿವೆ, ಎಷ್ಟನ್ನು ಹಿಡಿದಿದೆ, ಎಷ್ಟು ಲೆಕ್ಕಕ್ಕೆ ಸೇರಿವೆ ಎಂಬ ಮೂರು ಅಂಕಿಗಳಿವೆ. ಜನ ಅವನ್ನೇ ಹೇಳುತ್ತಾರೆ. ನಿಜ ಹೇಳುವ ಅಂಕಿ ಅವುಗಳ ಪಕ್ಕದಲ್ಲಿದೆ: ಪ್ರತಿ ಉಪಗ್ರಹದ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ, ಡೆಸಿಬಲ್-ಹರ್ಟ್ಸ್‌ನಲ್ಲಿ. ತಲೆಯ ಮೇಲಿನ ಉಪಗ್ರಹಗಳು 40ರಿಂದ 48ರವರೆಗೆ ತೋರಿಸಿದರೆ ಎಲ್ಲ ಸರಿ ಇದೆ. ತೆರೆದ ಆಕಾಶದಲ್ಲೂ ಎಲ್ಲವೂ ಒಟ್ಟಿಗೆ 25–30ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದರೆ ಆಕಾಶದ ತಪ್ಪಲ್ಲ. ಮರ, ಗೋಡೆ, ರೆಕ್ಕೆ ಅಡ್ಡ ಬಂದಾಗ ಆ ದಿಕ್ಕಿನ ಉಪಗ್ರಹಗಳು ಮಾತ್ರ ಸೊರಗುತ್ತವೆ. ಎಲ್ಲ ದಿಕ್ಕಿನವೂ ಒಂದೇ ಸಮನೆ ಸೊರಗಿದರೆ ಆಂಟೆನಾದ ಹತ್ತಿರವೇ ಯಾವುದೋ ಗದ್ದಲ ಎಬ್ಬಿಸುತ್ತಿದೆ, ಇಲ್ಲವೇ ಆಂಟೆನಾ ಕೆಟ್ಟಿದೆ.

ಗದ್ದಲ ಎಬ್ಬಿಸುವವು ಆ ಪುಟ್ಟ ಡಬ್ಬಿಯಲ್ಲಿ ಎಷ್ಟೊಂದಿವೆ! ಪೈಯ ಪ್ರೊಸೆಸರ್, ಮೆಮೊರಿ, ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಮಂಡಲಗಳು, ಎರಡು ರೇಡಿಯೊ ಡಾಂಗಲ್, ಫ್ಯಾನ್. 2019ರಲ್ಲಿ ಬಂದ ಪೈ 4ರಲ್ಲಿ ಇವುಗಳ ಜೊತೆಗೆ ಯುಎಸ್‌ಬಿ 3 ಸೇರಿತು. ಯುಎಸ್‌ಬಿ 3 ಸೆಕೆಂಡಿಗೆ 500 ಕೋಟಿ ಬಿಟ್ ಸಾಗಿಸುವಾಗ ಅದರ ಗದ್ದಲ ಗಿಗಾಹರ್ಟ್ಸ್‌ಗಳ ಉದ್ದಕ್ಕೂ ಹರಡುತ್ತದೆ. ಅದು 2.4 ಗಿಗಾಹರ್ಟ್ಸ್‌ನ ನಿಸ್ತಂತು ಸಾಧನಗಳನ್ನು ಕೆಡಿಸುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಬಂಧ ಪ್ರಕಟಿಸಿದೆ. ಜಿಪಿಎಸ್‌ನ 1575 ಮೆಗಾಹರ್ಟ್ಸ್ ಇರುವುದೂ ಅದೇ ಹರವಿನೊಳಗೆ. ಡ್ರೋನ್ ಹಾರಿಸುವವರಿಗೆ ಇದು ಹಳೆಯ ಅನುಭವ: ಜಿಪಿಎಸ್ ಪಕ್ಕದಲ್ಲಿ ಕ್ಯಾಮೆರಾ ಚಾಲೂ ಮಾಡಿದ ಕೂಡಲೇ ಉಪಗ್ರಹಗಳು ಕೈಬಿಟ್ಟುಹೋಗುತ್ತವೆ. ವಿಮಾನದ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಚಾರ್ಜರ್‌ಗಳೂ ಇದೇ ಸಾಲಿನವು.

ಇದನ್ನು ಸಾಬೀತು ಮಾಡಲು ಪ್ರಯೋಗಾಲಯ ಬೇಡ. ಹೊರಗೆ ಇಟ್ಟು, ಅಂಕಿಗಳನ್ನು ಬರೆದುಕೊಳ್ಳಿ. ಒಂದು ಡಾಂಗಲ್ ಕಿತ್ತು ಮತ್ತೆ ಬರೆಯಿರಿ, ಇನ್ನೊಂದನ್ನು ಕಿತ್ತು ಮತ್ತೆ ಬರೆಯಿರಿ. ಆಮೇಲೆ ಜಿಪಿಎಸ್ ಮಾಡ್ಯೂಲನ್ನು ಎಕ್ಸ್‌ಟೆನ್ಶನ್ ಕೇಬಲ್ಲಿನ ತುದಿಗೆ ಹಾಕಿ ಪೆಟ್ಟಿಗೆಯಿಂದ ದೂರ ಇಡಿ. ಹತ್ತಾರು ಸೆಂಟಿಮೀಟರ್ ಸರಿಸಿದೊಡನೆ ಎಲ್ಲ ಅಂಕಿಗಳೂ ಒಟ್ಟಿಗೆ ಮೇಲೇರಿದರೆ ರೋಗ ಸಿಕ್ಕಿತು. ಪೆಟ್ಟಿಗೆಯ ಗದ್ದಲ ದೂರ ಹೋದಂತೆ ಬಹಳ ಬೇಗ ಕ್ಷೀಣಿಸುತ್ತದೆ. ಉಪಗ್ರಹದ ಸಂಕೇತ ಇಲ್ಲಿದ್ದರೂ ಅಲ್ಲಿದ್ದರೂ ಅಷ್ಟೇ. ಈ ಅಸಮತೆಯೇ ನಮ್ಮ ಕೈಲಿರುವ ದೊಡ್ಡ ಆಯುಧ. ತಾಮ್ರದ ಪಟ್ಟಿ ಸುತ್ತುವುದು, ಫೆರೈಟ್ ಉಂಗುರ ಹಾಕುವುದು ಮುಂತಾದ ಉಪಚಾರಗಳಿಂದ ಕೆಲವರಿಗೆ ಲಾಭ ಆಗಿದೆ. ಆದರೆ ತಾಮ್ರದ ಪಟ್ಟಿಯನ್ನು ಸರಿಯಾಗಿ ಅರ್ತ್ ಮಾಡದಿದ್ದರೆ ಫಲ ಅನಿಶ್ಚಿತ, ಪೆಟ್ಟಿಗೆಯ ಬಿಸಿ ಬೇರೆ ಹೆಚ್ಚುತ್ತದೆ. ದೂರ ಇಡುವುದು ಖರ್ಚಿಲ್ಲದ, ಖಚಿತ ಉಪಾಯ. ಪೈ 4ರಲ್ಲಿ ನೀಲಿ ಪೋರ್ಟುಗಳನ್ನು ಬಿಟ್ಟು ಕಪ್ಪು ಪೋರ್ಟುಗಳನ್ನು ಬಳಸುವುದೂ ಒಳ್ಳೆಯದು; ಕಪ್ಪು ಪೋರ್ಟುಗಳು ಯುಎಸ್‌ಬಿ 2ರವು. ಅಂದವಾದ ಒಂದೇ ಡಬ್ಬಿಯಲ್ಲಿ ಎಲ್ಲವನ್ನೂ ತುರುಕಬೇಕೆಂಬ ಆಸೆ ಕಟ್ಟುಗರಿಗೆ ಸಹಜ. ಆದರೆ ಜಿಪಿಎಸ್ ಮಟ್ಟಿಗೆ ಆ ಅಂದ ಬಹಳ ದುಬಾರಿ.

ಆಂಟೆನಾ ಮಲಗುವ ರೀತಿಯೂ ಮುಖ್ಯ. ಮಾಡ್ಯೂಲಿನ ಮೇಲಿರುವ ಚೌಕಾಕಾರದ ಸೆರಾಮಿಕ್ ಬಿಲ್ಲೆಯೇ ಆಂಟೆನಾ. ಅದರ ಮುಖ ಆಕಾಶ ನೋಡಬೇಕು. ಪೆನ್‌ಡ್ರೈವ್ ಆಕಾರದ ಡಾಂಗಲ್‌ಗಳನ್ನು ಪೈಗೆ ಚುಚ್ಚಿ, ಪೆಟ್ಟಿಗೆಯನ್ನು ಅಡ್ಡ ನಿಲ್ಲಿಸಿದಾಗ ಬಿಲ್ಲೆ ಗೋಡೆ ನೋಡುತ್ತಿರುತ್ತದೆ. ಬಿಲ್ಲೆಯ ಅಡಿಯಲ್ಲಿ ಅಂಗೈಯಗಲದ ಲೋಹದ ತಗಡು ಇಟ್ಟರೆ ಸಣ್ಣ ಬಿಲ್ಲೆಗಳ ಹಿಡಿತ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ.

ನಾಲ್ಕನೆಯ ರೋಗ ನೆಲದ ಮೇಲೆ ಸಿಕ್ಕಿಬೀಳುವುದಿಲ್ಲ. ಸೆಸ್ನಾ 172ರಂಥ ವಿಮಾನದಲ್ಲಿ ತಲೆಯ ಮೇಲೆ ಅಲ್ಯುಮಿನಿಯಂ ರೆಕ್ಕೆ ಚಾಚಿರುತ್ತದೆ. ಮುಂಗಾಜಿನ ಕೆಳಗೆ ಇಟ್ಟ ಆಂಟೆನಾಕ್ಕೆ ಕಾಣುವುದು ಮುಂದಿನ ಅರ್ಧ ಆಕಾಶ ಮಾತ್ರ. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ವಿದ್ಯುದ್ವಾಹಕ, ರೇಡಿಯೊ ಅಲೆಗೆ ಗೋಡೆ. ಬಿಸಿಮಾಡುವ ಗಾಜಿನ ಲೋಹಲೇಪವೂ ಹಾಗೆಯೇ. ಗಾಜಿನ ಕೆಳಗಿನ ಬಿಸಿಲಿನಲ್ಲಿ ಪೆಟ್ಟಿಗೆ ಕಾಯುತ್ತದೆ ಎಂಬುದನ್ನೂ ಮರೆಯಬಾರದು. 80 ಡಿಗ್ರಿ ಮುಟ್ಟಿದರೆ ಪೈ ತನ್ನ ವೇಗ ತಗ್ಗಿಸುತ್ತದೆ. ಸ್ಥಾನ ತಪ್ಪಿದ ಗಳಿಗೆಯಲ್ಲಿ ವಿಮಾನ ಏನು ಮಾಡುತ್ತಿತ್ತು ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಕಡಿದಾಗಿ ತಿರುಗುವಾಗ ತಪ್ಪಿದರೆ ರೆಕ್ಕೆ ಅಡ್ಡ ಬಂದಿದೆ. ಮೈಕ್ ಬಟನ್ ಒತ್ತಿದಾಗಲೆಲ್ಲ ತಪ್ಪಿದರೆ ವಿಮಾನದ ಮಾತಿನ ರೇಡಿಯೊವನ್ನು ಅನುಮಾನಿಸಿ; ಅದರ ತರಂಗಾಂತರದ ಪಟ್ಟುಗಳಲ್ಲೂ ಒಂದಿಷ್ಟು ಗದ್ದಲ ಸೋರಬಹುದು. 121.175 ಮೆಗಾಹರ್ಟ್ಸ್‌ನ ಹದಿಮೂರು ಪಟ್ಟು 1575.275, 131.275ರ ಹನ್ನೆರಡು ಪಟ್ಟು 1575.3. ಎರಡೂ ಜಿಪಿಎಸ್‌ನ ಮಡಿಲಲ್ಲೇ ಬೀಳುತ್ತವೆ. ವಿಮಾನ ದುರಸ್ತಿಯವರು ಜಿಪಿಎಸ್ ಕೂರಿಸಿದ ಮೇಲೆ ಈ ಆಸುಪಾಸಿನ ತರಂಗಾಂತರಗಳಲ್ಲಿ ರೇಡಿಯೊ ಒತ್ತಿ ಪರೀಕ್ಷಿಸುವುದು ಇದಕ್ಕಾಗಿಯೇ.

ಎತ್ತರಕ್ಕೆ ಏರಿದ ಮೇಲೆ ಸ್ಥಾನ ತಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಯು-ಬ್ಲಾಕ್ಸ್ ಚಿಪ್ಪಿಗೆ ಬಳಕೆಯ ಬಗೆ ಹೇಳಿಕೊಡಬೇಕು: ಕಾರು, ಕೈಯಲ್ಲಿ ಹಿಡಿದದ್ದು, ವಿಮಾನ ಹೀಗೆ. ಕಾರು ಎಂದು ನಂಬಿದ ಚಿಪ್ಪು ವಿಮಾನದಂತೆ ಏರಿಳಿಯುವುದನ್ನು ಒಪ್ಪುವುದಿಲ್ಲ. ಸ್ಟ್ರಾಟಕ್ಸ್ ತಾನಾಗಿಯೇ ವಿಮಾನದ ಮಾದರಿಗೆ ಹೊಂದಿಸುತ್ತದೆ. ಆಜ್ಞೆ ಕೇಳದ ನಕಲಿ ಚಿಪ್ಪು ಇಲ್ಲೂ ಕೈಕೊಡುತ್ತದೆ.

ಪೆಟ್ಟಿಗೆಯ ಹೊರಗಿನ ಕಾರಣಗಳನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್, ಕ್ಯಾಲಿಫೋರ್ನಿಯಾದ ಚೈನಾ ಲೇಕ್ ಸುತ್ತ ಸೇನೆ ಜಿಪಿಎಸ್ ಅಡ್ಡಿಪಡಿಸುವ ಪರೀಕ್ಷೆ ನಡೆಸುತ್ತದೆ, ಅದರ ಬಗ್ಗೆ ಪೈಲಟ್‌ಗಳಿಗೆ ಮುಂಚೆಯೇ ನೋಟಮ್ ಎಂಬ ಸೂಚನೆ ಹೊರಡುತ್ತದೆ. ಪೆಟ್ಟಿಗೆ ಬಿಚ್ಚುವ ಮೊದಲು ಅದನ್ನು ಓದಿದರೆ ಶ್ರಮ ಉಳಿಯುತ್ತದೆ. 2023ರಿಂದ ಪಶ್ಚಿಮ ಏಷ್ಯಾದ ಆಕಾಶದಲ್ಲಿ ಸುಳ್ಳು ಜಿಪಿಎಸ್ ಸಂಕೇತಗಳ ಹಾವಳಿ ಹೆಚ್ಚಿತು; ಆ ವರ್ಷದ ನವೆಂಬರ್‌ನಲ್ಲಿ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ವಿಮಾನ ಸಂಸ್ಥೆಗಳಿಗೆ ಸುತ್ತೋಲೆ ಹೊರಡಿಸಿತು. ಇಂಥ ಸುಳ್ಳು ಸಂಕೇತ ಸ್ಥಾನವನ್ನು ಅಳಿಸುವುದಿಲ್ಲ, ತಪ್ಪು ಸ್ಥಾನ ಕೊಡುತ್ತದೆ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗೆ ಇದನ್ನು ಖಚಿತವಾಗಿ ಪತ್ತೆ ಹಚ್ಚುವ ಶಕ್ತಿ ಇಲ್ಲ.

ನಮ್ಮ ಕಡೆ 978 ಮೆಗಾಹರ್ಟ್ಸ್‌ನ ವ್ಯವಸ್ಥೆ ಇಲ್ಲ. 1090 ಕೇಳುವ ಇದೇ ಡಾಂಗಲ್‌ಗಳನ್ನು ಬೆಂಗಳೂರಿನ ತಾರಸಿಗಳ ಮೇಲೆ ಇಟ್ಟುಕೊಂಡ ಹವ್ಯಾಸಿಗಳಿದ್ದಾರೆ. ಅವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಇಲ್ಲಿನ ಅಯಾನುಗೋಳ ಕಲಕಿ ಜಿಪಿಎಸ್ ಸಂಕೇತ ಮಿನುಗುತ್ತದೆ, ಸೌರ ಚಟುವಟಿಕೆ ಜೋರಿದ್ದಾಗ ಇನ್ನೂ ಹೆಚ್ಚು. ಸಂಜೆ ಮಾತ್ರ ಕಾಣಿಸಿಕೊಳ್ಳುವ ತೊಂದರೆಗೆ ಮಾಡ್ಯೂಲನ್ನು ಬೈಯಬೇಡಿ. ಸ್ಥಾನದ ತಪ್ಪನ್ನು ತಿದ್ದಲು ಅಮೆರಿಕದಲ್ಲಿ ವಾಸ್ ಇರುವಂತೆ ನಮ್ಮಲ್ಲಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ಗಗನ್ ಇದೆ; ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಎಂ8ರಂಥ ಅಗ್ಗದ ಮಾಡ್ಯೂಲಿಗೂ ಗಗನ್ ಸಿಗುತ್ತದೆ. ಭಾರತದ್ದೇ ಸ್ಥಾನ ವ್ಯವಸ್ಥೆಯಾದ ನಾವಿಕ್ ಸಿಗುವುದಿಲ್ಲ. ಅದರ ಮೊದಲ ಪೀಳಿಗೆಯ ಉಪಗ್ರಹಗಳು ಬಳಸಿದ್ದು 1176.45 ಮೆಗಾಹರ್ಟ್ಸ್ ಮತ್ತು ಎಸ್ ಬ್ಯಾಂಡ್. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಜಿಪಿಎಸ್‌ನ ಬ್ಯಾಂಡಿನಲ್ಲೂ ಸಂಕೇತ ಕಳಿಸಲು ಸಜ್ಜಾಗಿದ್ದರೂ ಅದನ್ನು ಓದುವ ಚಿಪ್ಪು ಬೇರೆಯೇ ಬೇಕು.

ತುಂಬ ಹಳೆಯ ಮಾಡ್ಯೂಲ್ ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸಿದರೆ ಅದು ವಾರಗಳ ಎಣಿಕೆ ಮುಗಿದು ಸೊನ್ನೆಗೆ ಮರಳಿದ ದೋಷ. ಜಿಪಿಎಸ್ 1024 ವಾರಗಳವರೆಗೆ ಮಾತ್ರ ಎಣಿಸುತ್ತದೆ. ಕಳೆದ ಸಲ ಅದು ತಿರುಗಿದ್ದು 2019ರ ಏಪ್ರಿಲ್‌ನಲ್ಲಿ. ಅಂಥದ್ದನ್ನು ರಿಪೇರಿ ಮಾಡದೆ ಬದಲಿಸುವುದೇ ಸರಿ.

ಅಮೆರಿಕದ ಕಟ್ಟುಗರಲ್ಲಿ ಜಿಪಿಎಸ್ ಮೇಲೆ ಹೊರಿಸುವ ಇನ್ನೊಂದು ತಪ್ಪು ಆರೋಪವನ್ನು ಇಲ್ಲೇ ಬಗೆಹರಿಸಬೇಕು. ಕೆಲವು ವಿಮಾನಗಳು ಪರದೆಗೆ ಬರುವುದೇ ಇಲ್ಲ ಎಂಬ ದೂರು ಅದು. ಎಡಿಎಸ್-ಬಿ ಇಲ್ಲದ ವಿಮಾನಗಳನ್ನು ನೆಲದ ರೇಡಾರ್ ಕಂಡು ಮರುಪ್ರಸಾರ ಮಾಡುವುದು ಸ್ವತಃ ಎಡಿಎಸ್-ಬಿ ಸಾರುವ ವಿಮಾನಗಳಿಗಾಗಿ, ಅವುಗಳ ಸುತ್ತ 15 ನಾಟಿಕಲ್ ಮೈಲಿ, ಮೇಲೆ ಕೆಳಗೆ 3,500 ಅಡಿಯ ವಲಯದಲ್ಲಿ ಮಾತ್ರ. ನೀವು ಸಾರದಿದ್ದರೆ ನಿಮ್ಮ ಸುತ್ತಲಿನ ಚಿತ್ರ ಅರೆಬರೆಯಾಗಿರುತ್ತದೆ. ಜಿಪಿಎಸ್ ಎಷ್ಟೇ ಚೆನ್ನಾಗಿದ್ದರೂ ಅದು ಬದಲಾಗದು, ಮತ್ತು ಯಾವ ರಿಸೀವರೂ ಪೈಲಟ್ ಹೊರಗೆ ನೋಡುವುದರಿಂದ ವಿನಾಯಿತಿ ಕೊಡುವುದಿಲ್ಲ.

ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು: ಹೊಸ ಮಾಡ್ಯೂಲಿಗೆ ದುಡ್ಡು ಹಾಕುವ ಮೊದಲು ಒಂದು ಮೀಟರ್ ಉದ್ದದ ಒಳ್ಳೆಯ ಯುಎಸ್‌ಬಿ ಎಕ್ಸ್‌ಟೆನ್ಶನ್ ತನ್ನಿ, ಮೊದಲು ಮತ್ತು ಆಮೇಲಿನ ಡೆಸಿಬಲ್ ಅಂಕಿಗಳನ್ನು ಬರೆದಿಡಿ, ಸಹಾಯ ಕೇಳುವಾಗ "ಜಿಪಿಎಸ್ ಬರುತ್ತಿಲ್ಲ" ಎನ್ನದೆ ಆ ಅಂಕಿಗಳನ್ನೇ ಮುಂದಿಡಿ.